ಕೀ ತಿರುಗಿಸಿದರೆ ಬರೀ 'ಟಕ್': ಬ್ಯಾಟರಿ ಬದಲಿಸುವ ಮುಂಚೆ ಇಷ್ಟು ನೋಡಿ

ಕಳೆದ ಮೇ ತಿಂಗಳು. ಸಿಂಧನೂರಿನಲ್ಲಿ ಮದುವೆ ಊಟ ಮುಗಿಸಿ ರಾಯಚೂರಿಗೆ ಹೊರಟಿದ್ದೆವು. ಕಾರಿನ ಸೀಟು ಕಾದ ಹಂಚಾಗಿತ್ತು. ಕೀ ತಿರುಗಿಸಿದೆ. ಟಕ್. ಮತ್ತೊಮ್ಮೆ ತಿರುಗಿಸಿದೆ. ಮತ್ತೆ ಟಕ್. ಎಂಜಿನ್ ಮಾತ್ರ ಅಲ್ಲಾಡಲಿಲ್ಲ. ಸುತ್ತ ನಿಂತ ನೆಂಟರು ಬೇರೆ ಯಾವ ವಿಷಯಕ್ಕೂ ಒಪ್ಪದವರು, "ಬ್ಯಾಟ್ರಿ ಹೋಗ್ಯಾದ" ಅನ್ನುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದರು. ಅಂಗಡಿಯವರೂ ಮೀಟರ್ ಹಿಡಿಯದೆ ಅದನ್ನೇ ಹೇಳಿದರು. ಹೊಸ ಬ್ಯಾಟರಿ ಬಂತು, ಕಾರು ಸ್ಟಾರ್ಟ್ ಆಯ್ತು, ಮನೆ ಸೇರಿದೆವು. ಮೂರನೇ ದಿನ ಬೆಳಿಗ್ಗೆ ಮತ್ತೆ ಟಕ್.

ಆಮೇಲೆ ರಾಯಚೂರಿನ ತೀನ್ ಕಂದೀಲ್ ಕಡೆಯಿಂದ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಬಂದರು. ಬ್ಯಾಟರಿಯ ಕಪ್ಪು ವೈರ್ ಕಾರಿನ ಲೋಹದ ಮೈಗೆ ಸೇರುವ ಜಾಗದ ಬೋಲ್ಟ್ ಬಿಚ್ಚಿದರು. ಅಡಿಯಲ್ಲಿ ಬರೀ ತುಕ್ಕು. ಹೊಸ ಬ್ಯಾಟರಿ ಕೂರಿಸುವಾಗ ವೈರ್ ಅಲ್ಲಾಡಿ ಒಂಚೂರು ತಾಗಿಕೊಂಡಿತ್ತು, ಅಷ್ಟೇ. ಮರಳು ಕಾಗದದಲ್ಲಿ ತಿಕ್ಕಿ ಬಿಗಿ ಮಾಡಿದರು. ಹತ್ತು ನಿಮಿಷದ ಕೆಲಸ. "ಸಾರ್, ಹಳೇ ಬ್ಯಾಟ್ರಿ ಎಲ್ಲಿ ಅದ?" ಅಂತ ಕೇಳಿದರು. ಅದನ್ನು ನಾನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟಿದ್ದೆ.

ಆ 'ಟಕ್' ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ, ನಾವು 'ಸೆಲ್ಫ್' ಅನ್ನುವ ಮೋಟಾರಿನ ಬೆನ್ನ ಮೇಲೆ ಸೊಲೆನಾಯ್ಡ್ ಅಂತ ಒಂದು ಸ್ವಿಚ್ ಕೂತಿರುತ್ತದೆ. ಕೀ ತಿರುಗಿಸಿದಾಗ ಅದರೊಳಗಿನ ಕಬ್ಬಿಣದ ತುಂಡು ಒಳಕ್ಕೆ ಎಳೆದುಕೊಳ್ಳುತ್ತದೆ. ಅದೇ ಸದ್ದು. ಆ ತುಂಡು ಸೆಲ್ಫಿನ ಚಿಕ್ಕ ಗೇರನ್ನು ಎಂಜಿನ್ನಿನ ಹಲ್ಲುಚಕ್ರಕ್ಕೆ ಕಚ್ಚಿಸುತ್ತದೆ, ಜೊತೆಗೆ ದಪ್ಪ ತಾಮ್ರದ ಕಾಂಟ್ಯಾಕ್ಟ್ ಕೂಡಿಸುತ್ತದೆ. ಇಷ್ಟಕ್ಕೆ ಬೇಕಾದ ಕರೆಂಟು ಕಡಿಮೆ. ಮೋಟಾರು ತಿರುಗಲು ಮಾತ್ರ ಚಿಕ್ಕ ಪೆಟ್ರೋಲ್ ಕಾರಿಗೇ 100 ಆಂಪಿಯರ್ ಮೇಲೆ ಬೇಕು, ಡೀಸೆಲ್‌ಗೆ ಇನ್ನೂ ಜಾಸ್ತಿ. 60 ವಾಟಿನ ಹೆಡ್‌ಲೈಟ್ ಬಲ್ಬು ಎಳೆಯುವುದು 5 ಆಂಪಿಯರ್. ಹಾಗಾಗಿ ಹಾರ್ನ್ ಹೊಡೆಯಿತು, ಲೈಟು ಉರಿಯಿತು, ಬ್ಯಾಟರಿ ಚೆನ್ನಾಗಿದೆ ಅನ್ನೋ ಲೆಕ್ಕ ನಡೆಯುವುದಿಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು

ಎಸಿ, ಫ್ಯಾನ್, ಹಾಡು ಎಲ್ಲ ಬಂದ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು ಗೇರ್ ನ್ಯೂಟ್ರಲ್‌ಗೆ ತನ್ನಿ. ಈಗ ಕೀ ತಿರುಗಿಸಿ ಕೇಳಿ.

'ಟಕಟಕಟಕ' ಅಂತ ಮಳೆಹನಿ ತಗಡಿನ ಮೇಲೆ ಬಿದ್ದ ಹಾಗೆ ಬಂದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ವೈರ್ ಸರಿಯಾಗಿ ಕೂತಿಲ್ಲ. ಸೊಲೆನಾಯ್ಡ್ ಎಳೆದುಕೊಂಡ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಅದು ಬಿಟ್ಟುಬಿಡುತ್ತದೆ, ವೋಲ್ಟೇಜ್ ಏರಿದರೆ ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿ 'ಟಕ್' ಬಂದರೆ ಅನುಮಾನ ಸೆಲ್ಫ್ ಕಡೆಗೂ ಹೋಗುತ್ತದೆ. ಸದ್ದೇ ಇಲ್ಲವೆಂದರೆ ಅದು ಬೇರೆ ಕಥೆ: ಫ್ಯೂಸ್, ರಿಲೇ, ಕ್ಲಚ್ ಸ್ವಿಚ್ ನೋಡಬೇಕು.

ಈಗ ಹೆಡ್‌ಲೈಟ್ ಹಾಕಿ ಮತ್ತೆ ಕೀ ತಿರುಗಿಸಿ. ನಮ್ಮೂರ ಮಧ್ಯಾಹ್ನದ ಬಿಸಿಲಲ್ಲಿ ಹೆಡ್‌ಲೈಟ್ ಎಲ್ಲಿ ಕಾಣಬೇಕು, ಒಳಗಿನ ಲೈಟು ನೋಡಿದರೂ ಆಗುತ್ತದೆ. ಬೆಳಕು ಸತ್ತ ಹಾಗಾದರೆ ಬ್ಯಾಟರಿ ಅಥವಾ ಅದರ ವೈರ್. ಬೆಳಕು ಹಾಗೇ ಇದ್ದು ಟಕ್ ಅಂದರೆ ಸೆಲ್ಫ್, ಅಥವಾ ಸೆಲ್ಫಿಗೆ ಹೋಗುವ ವೈರ್.

ಬಾನೆಟ್ ಎತ್ತಿ

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಬ್ಯಾಟರಿಯ ಎರಡೂ ಟರ್ಮಿನಲ್ ಕ್ಲಾಂಪ್ ಕೈಯಲ್ಲಿ ಹಿಡಿದು ತಿರುವಿ. ಕೂದಲೆಳೆಯಷ್ಟೂ ಅಲ್ಲಾಡಬಾರದು. ಸುಣ್ಣದ ಪುಡಿ ಹಾಗೆ ಬಿಳಿ, ಇಲ್ಲವೇ ಮೈಲುತುತ್ತದ ಹಾಗೆ ನೀಲಿ ಪುಡಿ ಕಂಡರೆ ತೊಳೆಯಬೇಕು.

ಹತ್ತನೇ ನಂಬರ್ ಪಾನಾ ಸಾಮಾನ್ಯವಾಗಿ ಸಾಕು. ಮೊದಲು ಮೈನಸ್, ಅಂದರೆ ಕಪ್ಪು ವೈರ್ ಬಿಚ್ಚಿ. ಕೆಂಪನ್ನು ಮೊದಲು ಬಿಚ್ಚಲು ಹೋಗಿ ಪಾನಾ ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಹತ್ತಿರ ಬೀಡಿ ಸಿಗರೇಟೂ ಬೇಡ. ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಬುರುಬುರು ನೊರೆ ಬರುತ್ತದೆ. ಆ ನೀರು ಮುಚ್ಚಳದ ಒಳಗೆ ಇಳಿಯದಂತೆ ನೋಡಿಕೊಳ್ಳಿ. ಒರೆಸಿ, ಸೀಸದ ಕಂಬ ಮತ್ತು ಕ್ಲಾಂಪಿನ ಒಳಮೈ ಹೊಳೆಯುವ ತನಕ ಮರಳು ಕಾಗದ ಹಿಡಿಯಿರಿ. ಕೆಂಪು ಮೊದಲು, ಕಪ್ಪು ಕೊನೆಗೆ ಹಾಕಿ ಬಿಗಿ ಮಾಡಿ. ಮೇಲೆ ಚೂರು ವ್ಯಾಸಲಿನ್ ಸವರಿ. ಕಪ್ಪು ವೈರಿನ ಇನ್ನೊಂದು ತುದಿಯನ್ನೂ ಹುಡುಕಿ ನೋಡಿ. ನಾನು ನೋಡದೆ ಬಿಟ್ಟಿದ್ದು ಅದನ್ನೇ.

ಒಂದು ಮಲ್ಟಿಮೀಟರ್ ಇಟ್ಟುಕೊಂಡರೆ ಊಹೆಗೆ ಜಾಗವಿಲ್ಲ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಲವು ಗಂಟೆ ನಿಂತ ಕಾರಿನ ಬ್ಯಾಟರಿಗೆ ಹಿಡಿಯಿರಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ, ಮೊದಲು ಚಾರ್ಜ್ ಮಾಡಿಸಿ. ಇನ್ನೊಬ್ಬರು ಕೀ ತಿರುಗಿಸುವಾಗ ಅದು ಸುಮಾರು 9.6ಕ್ಕಿಂತ ಕೆಳಗೆ ಇಳಿಯಬಾರದು. ಚಾರ್ಜ್ ಮಾಡಿಸಿದ ಮೇಲೂ ಇಳಿದರೆ ಬ್ಯಾಟರಿಯ ಕಾಲ ಮುಗಿದಿದೆ.

ಆ ಎಲೆಕ್ಟ್ರಿಷಿಯನ್ ಮಾಡಿದ್ದು ಮುಂದಿನ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಕೀ ತಿರುಗಿಸಿದಾಗ ಅರ್ಧ ವೋಲ್ಟ್ ದಾಟಬಾರದು. ನನ್ನ ಕಾರಿನಲ್ಲಿ ಮೂರು ದಾಟಿತ್ತು. ಅಷ್ಟು ವೋಲ್ಟು ತುಕ್ಕಿನಲ್ಲೇ ಕರಗಿ ಹೋಗುತ್ತಿತ್ತು.

ಹಾಗಂತ ನಮ್ಮ ಕಡೆ ಬ್ಯಾಟರಿಗಳು ಸಾಯುವುದಿಲ್ಲ ಅಂತಲ್ಲ. 40 ಡಿಗ್ರಿ ದಾಟುವ ಬಿಸಿಲಿಗೆ ಒಳಗಿನ ನೀರು ಆರುತ್ತದೆ, ಪ್ಲೇಟುಗಳು ಬೇಗ ಸವೆಯುತ್ತವೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಫಿಲ್ಟರ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ದಾರಿಯಲ್ಲಿ ಸಿಕ್ಕಿಕೊಂಡರೆ

ಇನ್ನೊಂದು ಕಾರಿನಿಂದ ಕರೆಂಟು ತೆಗೆದುಕೊಳ್ಳಬಹುದು. ಕೆಂಪು ಕೇಬಲ್ ಮೊದಲು ನಿಮ್ಮ ಪ್ಲಸ್ಸಿಗೆ, ಆಮೇಲೆ ಅವರ ಪ್ಲಸ್ಸಿಗೆ. ಕಪ್ಪು ಅವರ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ಉಲ್ಟಾ ಕ್ರಮ. ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುವಲ್ ಗೇರಿನ ಕಾರಿಗೆ ಮಾತ್ರ, ಎರಡನೇ ಗೇರಿನಲ್ಲಿ. ಆಟೋಮ್ಯಾಟಿಕ್ ತಳ್ಳಿ ಸುಮ್ನೆ ಬೆವರು ಹರಿಸಬೇಡಿ. ಅಂಬಾಸಿಡರ್ ಕಾಲದಲ್ಲಿ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಆ ಭಾಗ್ಯ ಈಗಿಲ್ಲ.

ಬ್ಯಾಟರಿ, ವೈರ್ ಎರಡೂ ಸರಿಯಿದ್ದು ಒಂದೇ ಟಕ್ ಬರುತ್ತಿದ್ದರೆ ಸೆಲ್ಫಿನ ಒಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿರಬಹುದು, ಇಲ್ಲವೇ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಒಬ್ಬರು ಕೀ ಹಿಡಿದಿರಲಿ, ಇನ್ನೊಬ್ಬರು ಪಾನಾದ ಹಿಡಿಯಿಂದ ಸೆಲ್ಫಿನ ಮೈಗೆ ಮೆಲ್ಲಗೆ ತಟ್ಟಲಿ. ಕೈ, ಬಟ್ಟೆ ಬೆಲ್ಟಿನಿಂದ ದೂರವಿರಲಿ. ಸ್ಟಾರ್ಟ್ ಆದರೆ ಆಫ್ ಮಾಡದೆ ನೇರ ಗ್ಯಾರೇಜಿಗೆ ಹೋಗಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟಾರು ಸುಡುತ್ತದೆ. ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ನಿಂತ ಕಾರು ಟಕ್ ಅಂದರೆ ಕೀ ಮುಟ್ಟಲೇಬೇಡಿ. ಎಂಜಿನ್ನಿಗೆ ನೀರು ಹೋಗಿದ್ದರೆ ಒಳಗೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಟೋ ಮಾಡಿಸಿ.

ಹೇಗಾದರೂ ಸ್ಟಾರ್ಟ್ ಆಯ್ತು ಅಂದಮೇಲೆ ಓಡುತ್ತಿರುವ ಎಂಜಿನ್ನಿನಲ್ಲೇ ಇನ್ನೊಮ್ಮೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. 13.8ರಿಂದ 14.5ರ ನಡುವೆ ಇರಬೇಕು. 13 ಕೂಡ ಮುಟ್ಟದಿದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟು ತಯಾರಿಸುವ ಯಂತ್ರ, ಬ್ಯಾಟರಿ ಚಾರ್ಜ್ ಮಾಡುತ್ತಿಲ್ಲ. ಆಗ ನೀವು ಎಷ್ಟು ಹೊಸ ಬ್ಯಾಟರಿ ತಂದು ಕೂರಿಸಿದರೂ ಅದು ಒಂದೆರಡು ದಿನಕ್ಕೇ ಟಕ್ ಅನ್ನುತ್ತದೆ.