ಬೀಗಿತ್ತಿಯ ವಂಶ ಹುಡುಕಿದ್ದು

‘ನಮ್ಮ ಹಿರೀಕರು ಮೇಫ್ಲವರ್ ಹಡಗಿನಲ್ಲಿ ಬಂದವರಂತೆ, ಹೌಲ್ಯಾಂಡ್ ಮನೆತನವಂತೆ.’ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ ಬೆಳೆದ ನಮ್ಮ ಬೀಗಿತ್ತಿ ಇದನ್ನು ತಮ್ಮ ಅಜ್ಜಿಯಿಂದ ಕೇಳಿದ್ದರು. ಮೇಫ್ಲವರ್ ಅಂದರೆ ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆಗಾರರನ್ನು ತಂದ ಹಡಗು. ಅಜ್ಜಿಯ ಆ ಮಾತು ಬಿಟ್ಟರೆ ಅವರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಮಗಳ ಬಾಣಂತನಕ್ಕೆ ಹೋದವಳು ಹುಡುಕಲು ಕೂತೆ. ಅವರ ವಂಶ ಅಂದರೆ ನನ್ನ ಮೊಮ್ಮಗಳ ವಂಶವೂ ಅಲ್ವಾ?

ಮೊದಲು ಜಾನ್ ಹೌಲ್ಯಾಂಡ್‌ನಿಂದಲೇ ಶುರುಮಾಡಿದೆ. 1620ರಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗಿನಿಂದ ಸಮುದ್ರಕ್ಕೆ ಬಿದ್ದು, ಹಗ್ಗ ಹಿಡಿದು ಬದುಕಿದವನು ಅವನು. ಅದೇ ಹಡಗಿನಲ್ಲಿ ಬಂದಿದ್ದ ಎಲಿಜಬೆತ್ ಟಿಲ್ಲಿಯನ್ನು ಮುಂದೆ ಮದುವೆಯಾದ. ಹತ್ತು ಮಕ್ಕಳು. ಅವರಿಂದ ಕೆಳಗಿಳಿದರೆ ದಾರಿ ಕವಲೊಡೆಯುತ್ತಲೇ ಹೋಗುತ್ತದೆ. ಎರಡು ವಾರ ಸುಮ್ನೆ ಹೋಯಿತು.

ಆಮೇಲೆ ಬೀಗಿತ್ತಿಯ ಜನನ ಪತ್ರ ಹಿಡಿದು ಹಿಂದಕ್ಕೆ ನಡೆದೆ. ಅವರ ತಾಯಿ, ತಾಯಿಯ ತಾಯಿ. 1850ರ ಜನಗಣತಿಯವರೆಗೆ ಕಷ್ಟವಾಗಲಿಲ್ಲ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಮನೆಯ ಯಜಮಾನರ ಹೆಸರು ಮಾತ್ರ ಇದೆ. ಉಳಿದವರು ಬರೀ ತಲೆ ಲೆಕ್ಕ. ಅಲ್ಲಿಂದ ಆಯಾ ಊರಿನ ಜನನ, ಮದುವೆ, ಮರಣದ ಹಳೇ ಪುಸ್ತಕಗಳೇ ಗತಿ.

ಒಂದು ಕಡೆ ಮದುವೆ 1711ರ ಏಪ್ರಿಲ್, ಮಗು ಹುಟ್ಟಿದ್ದು 1711ರ ಫೆಬ್ರವರಿ ಅಂತಿತ್ತು. ಬೇರೆ ಯಾರದೋ ಮಗು ಅಂದುಕೊಂಡು ಬಿಟ್ಟೇಬಿಡುತ್ತಿದ್ದೆ. ಆಮೇಲೆ ಗೊತ್ತಾಯಿತು, 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ; ಫೆಬ್ರವರಿ ಬರುತ್ತಿದ್ದದ್ದು ವರ್ಷದ ಕೊನೆಗೆ. ಅಂದರೆ ಆ ಫೆಬ್ರವರಿ ಮದುವೆಯಾಗಿ ಹತ್ತು ತಿಂಗಳ ಮೇಲೆ ಬಂದದ್ದು!

ಜಾಸ್ತಿ ಕಾಡಿದ್ದು ಆ ಮಗುವಿನ ಸೊಸೆ. ಊರಿನ ಪುಸ್ತಕದಲ್ಲಿ ‘ಹ್ಯಾನಾ, ಇಂಥವರ ಹೆಂಡತಿ’ ಅಂತಷ್ಟೇ ಇದೆ. ತವರಿನ ಹೆಸರಿಲ್ಲ. ಮದುವೆಯ ದಾಖಲೆಯೂ ಸಿಗಲಿಲ್ಲ. ಆನ್‌ಲೈನ್ ವಂಶವೃಕ್ಷಗಳಲ್ಲಿ ಅವಳಿಗೆ ಮೂರು ಬೇರೆ ಬೇರೆ ಅಪ್ಪಂದಿರು. ಯಾರೂ ಒಂದು ಕಾಗದ ತೋರಿಸಿಲ್ಲ. ನಾನು ಯಾವುದನ್ನೂ ಒಪ್ಪಲಿಲ್ಲ.

ಊರಿಗೆ ವಾಪಸ್ ಬಂದ ಮೇಲೂ ಹುಡುಕಾಟ ಬಿಡಲಿಲ್ಲ. ವಂಶ ಹುಡುಕುವವರಿಗಾಗಿ ಇರುವ ಫ್ಯಾಮಿಲಿಸರ್ಚ್ ಅನ್ನುವ ಜಾಲತಾಣದಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಕೌಂಟಿಯ ಹಳೇ ಉಯಿಲುಗಳ ಚಿತ್ರಗಳಿವೆ, ಪುಕ್ಕಟೆ. ರಾತ್ರಿ ಊಟವಾದ ಮೇಲೆ ದಿನಾ ಹತ್ತು ಪುಟ ಓದುತ್ತಿದ್ದೆ. ಎಸ್ ಅಕ್ಷರ ಎಫ್ ಥರ ಕಾಣುವ ಬರವಣಿಗೆ ಕಣ್ಣಿಗೆ ಹೊಂದಲು ಒಂದು ತಿಂಗಳು ಬೇಕಾಯಿತು. ಕೊನೆಗೆ ಒಬ್ಬ ರೈತನ ಉಯಿಲು ಸಿಕ್ಕಿತು. ಗಂಡುಮಕ್ಕಳಿಗೆ ಜಮೀನು. ‘ನನ್ನ ಮಗಳು ಹ್ಯಾನಾ’ಗೆ ಒಂದು ಹಸು, ಒಂದು ಹಕ್ಕಿಗರಿಯ ಹಾಸಿಗೆ. ಅವಳ ಹೆಸರಿನ ಪಕ್ಕದಲ್ಲಿ ಗಂಡನ ಮನೆ ಹೆಸರು! ಆ ಹಡಗಿನಲ್ಲಿ ಬಂದವರ ವಂಶಸ್ಥರ ಸಂಘ ಮೇಫ್ಲವರ್ ಸೊಸೈಟಿ. ಅವರು ಐದು ತಲೆಮಾರು ಪರಿಶೀಲಿಸಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಆ ರೈತನ ಹೆಸರು ನೋಡಿದೆ. ಹೌಲ್ಯಾಂಡ್‌ನ ಮರಿಮಗ.

ಅದೇ ಕಡತದಲ್ಲಿ ಪಾಲು ಮುಟ್ಟಿದ್ದಕ್ಕೆ ಹ್ಯಾನಾ ಕೊಟ್ಟ ರಸೀದಿಯೂ ಇತ್ತು. ಸಹಿ ಇಲ್ಲ, ಶಾಯಿಯಲ್ಲಿ ಎಳೆದ ಒಂದು ಗೀಟು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಬೀಗಿತ್ತಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ‘ಇದು ಅವಳ ಕೈಯಾರೆ ಹಾಕಿದ್ದಾ?’ ಅಂತ ಕೇಳಿದರು. ಹೌದು ಅಂದೆ.