ಕಿವಿಯೊಳಗೆ ನಾಡಿಯ ಸದ್ದು: ಕಾರಣ ಪತ್ತೆ ಮಾಡುವುದು ಹೇಗೆ?

ರಾತ್ರಿ ದಿಂಬಿಗೆ ತಲೆಯಿಟ್ಟೊಡನೆ ಒಂದೇ ಕಿವಿಯಲ್ಲಿ ‘ಸುಂಯ್, ಸುಂಯ್’ ಎಂಬ ಸದ್ದು ಶುರುವಾದರೆ, ಮೊದಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಸುಮ್ಮನೆ ಆಲಿಸಿ. ಸದ್ದು ನಾಡಿಯ ಬಡಿತದ ಜೊತೆಗೇ ಏರಿಳಿಯುತ್ತಿದ್ದರೆ ಅದು ಎಡೆಬಿಡದೆ ಗುಂಯ್‌ಗುಡುವ ಸಾಮಾನ್ಯ ಕಿವಿಮೊರೆತವಲ್ಲ. ಕಿವಿಯ ಪಕ್ಕದಲ್ಲಿ ಹರಿಯುವ ರಕ್ತದ ಸದ್ದೇ ನಿಮಗೆ ಕೇಳುತ್ತಿರಬಹುದು. ವೈದ್ಯರ ಬಳಿ ಹೋದಾಗ ‘ಕಿವಿಯಲ್ಲಿ ಶಬ್ದ’ ಎಂದಷ್ಟೇ ಹೇಳದೆ, ‘ನಾಡಿಯೊಂದಿಗೆ ಬಡಿಯುವ ಶಬ್ದ’ ಎಂದೇ ಹೇಳಿ. ಮುಂದಿನ ಪರೀಕ್ಷೆಗಳೆಲ್ಲ ಈ ಒಂದು ಮಾತನ್ನು ಅವಲಂಬಿಸಿವೆ.

ವೈದ್ಯರು ಕಿವಿಯ ಹಿಂದೆ ಮತ್ತು ಕುತ್ತಿಗೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಆಲಿಸುತ್ತಾರೆ. ಕುತ್ತಿಗೆಯನ್ನು ಮೆಲ್ಲಗೆ ಒತ್ತಿದಾಗ ಸದ್ದು ನಿಂತರೆ ಮೂಲ ಅಭಿಧಮನಿಯಲ್ಲಿದೆ, ಅಂದರೆ ಹೃದಯಕ್ಕೆ ರಕ್ತ ಮರಳಿಸುವ ನಾಳದಲ್ಲಿದೆ, ಎಂಬ ಸುಳಿವು ಸಿಗುತ್ತದೆ. ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ, ಏಕೆಂದರೆ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯಿದೆ. ಕಿವಿತಮಟೆಯ ಹಿಂದೆ ಕೆಂಪು ಗಡ್ಡೆ ಕಂಡರೆ ಸ್ಕ್ಯಾನ್ ಆಗುವವರೆಗೆ ಅದನ್ನು ಚುಚ್ಚಿ ಮಾದರಿ ತೆಗೆಯಬಾರದು. ಅದು ರಕ್ತನಾಳಗಳಿಂದ ತುಂಬಿದ ಗ್ಲೋಮಸ್ ಗಡ್ಡೆಯಾಗಿರಬಹುದು, ದಾರಿತಪ್ಪಿ ಬಂದ ಅಪಧಮನಿಯೇ ಆಗಿರಬಹುದು. ರಕ್ತಹೀನತೆ, ಥೈರಾಯ್ಡ್ ಅತಿಸ್ರಾವ ಇದ್ದರೂ ರಕ್ತದ ಓಟ ಜೋರಾಗಿ ಸದ್ದು ಬರುವುದರಿಂದ ರಕ್ತಪರೀಕ್ಷೆಯೂ ಬೇಕು.

ಇನ್ನು ಸ್ಕ್ಯಾನ್. ಬರೀ ಮಿದುಳಿನ ಸಾಮಾನ್ಯ ಸ್ಕ್ಯಾನ್ ಇಲ್ಲಿ ಸಾಲದು. ಕಿವಿಯನ್ನು ಹೊತ್ತ ಮೂಳೆಯನ್ನು 1 ಮಿಲಿಮೀಟರಿಗಿಂತ ತೆಳುವಾದ ಪದರಗಳಲ್ಲಿ ತೋರಿಸುವ ಸಿಟಿ ಸ್ಕ್ಯಾನ್‌ನಲ್ಲಿ, ಸಿಗ್ಮಾಯ್ಡ್ ಸೈನಸ್ ಎಂಬ ದೊಡ್ಡ ಅಭಿಧಮನಿಗೂ ಕಿವಿಯ ಗಾಳಿಗೂಡುಗಳಿಗೂ ನಡುವಿನ ಮೂಳೆಗೋಡೆ ಎಲ್ಲಾದರೂ ಸವೆದುಹೋಗಿದೆಯೇ ಎಂಬುದು ಕಾಣುತ್ತದೆ. ಇದು ಮೂಗಿನ ಸೈನಸ್ ಅಲ್ಲ, ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಕಾಲುವೆ. ಗೋಡೆ ತೆಳುವಾದಾಗ ಅದರ ಹರಿವಿನ ಸದ್ದು ನೇರವಾಗಿ ಕಿವಿಗೆ ಬೀಳುತ್ತದೆ. ಎಂಆರ್‌ಐ ಯಂತ್ರದಲ್ಲಿ ಅಭಿಧಮನಿಗಳ ಚಿತ್ರ ತೆಗೆಯುವ ಎಂಆರ್ ವೀನೋಗ್ರಫಿಯಲ್ಲಿ ಇದೇ ಕಾಲುವೆಯ ಮೇಲ್ಭಾಗ ಕಿರಿದಾಗಿರುವುದು ಪತ್ತೆಯಾಗುತ್ತದೆ. ಈ ಕಿರಿದಾಗುವಿಕೆ ಹಲವು ಬಾರಿ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿರುವುದರ ಗುರುತು. ಆದ್ದರಿಂದ ತಲೆನೋವು, ದೃಷ್ಟಿ ಮಸುಕು ಇರುವವರು ಕಣ್ಣಿನ ಹಿಂಭಾಗವನ್ನೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಆ ಒತ್ತಡ ದೃಷ್ಟಿಯನ್ನೇ ಕಸಿಯಬಲ್ಲದು.

ಅಪಧಮನಿಗಳ ಚಿತ್ರ ತೆಗೆಯುವ ಸಿಟಿ ಅಥವಾ ಎಂಆರ್ ಆಂಜಿಯೋಗ್ರಫಿ ಕುತ್ತಿಗೆಯ ಅಪಧಮನಿಯಲ್ಲಿ ಕೊಬ್ಬು ಕಟ್ಟಿರುವುದನ್ನೂ ಗೋಡೆ ಸೀಳಿರುವುದನ್ನೂ ತೋರಿಸುತ್ತದೆ. ಕುತ್ತಿಗೆನೋವಿನೊಂದಿಗೆ ಸದ್ದು ಹಠಾತ್ತನೆ ಶುರುವಾಗಿ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ ಅಥವಾ ಕೈಕಾಲಿನ ಬಲ ಕುಂದಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.

ನನಗೆ ಅತ್ಯಂತ ಆತಂಕದ ಕಾರಣವೆನಿಸುವುದು ಡ್ಯೂರಲ್ ಫಿಸ್ಟುಲಾ: ಮಿದುಳಿನ ಹೊದಿಕೆಯಲ್ಲಿ ಅಪಧಮನಿಯು ನೇರವಾಗಿ ಅಭಿಧಮನಿಯನ್ನು ಕೂಡಿಕೊಂಡಿರುತ್ತದೆ. ರಕ್ತ ಮಿದುಳಿನ ಮೇಲ್ಮೈಯ ಅಭಿಧಮನಿಗಳಿಗೆ ಹಿಮ್ಮುಖವಾಗಿ ನುಗ್ಗುತ್ತಿದ್ದರೆ ರಕ್ತಸ್ರಾವದ ಭಯವಿರುತ್ತದೆ. ಸಣ್ಣ ಫಿಸ್ಟುಲಾ ಈ ಸ್ಕ್ಯಾನ್‌ಗಳ ಕಣ್ಣು ತಪ್ಪಿಸಬಲ್ಲದು. ಅದನ್ನು ಹಿಡಿಯುವುದು ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಹಾಯಿಸಿ ಮಾಡುವ ಆಂಜಿಯೋಗ್ರಫಿ; ಅಪಧಮನಿಗಳು ಇನ್ನೂ ತುಂಬುತ್ತಿರುವಾಗಲೇ ಅಭಿಧಮನಿಯೂ ಪರದೆಯ ಮೇಲೆ ಕಪ್ಪಾಗಿ ಮೂಡಿದರೆ ಉತ್ತರ ಸಿಕ್ಕಂತೆ. ಪಾರ್ಶ್ವವಾಯುವಿನ ಸಣ್ಣ ಅಪಾಯವಿರುವುದರಿಂದ ಇದನ್ನು ಎಲ್ಲರಿಗೂ ಮಾಡುವುದಿಲ್ಲ. ಆದರೆ ವೈದ್ಯರ ಸ್ಟೆತಾಸ್ಕೋಪಿಗೂ ಸದ್ದು ಕೇಳುತ್ತಿದ್ದು, ಉಳಿದ ಸ್ಕ್ಯಾನ್‌ಗಳ ವರದಿಗಳೆಲ್ಲ ಸಹಜವೆಂದು ಬಂದಿದ್ದರೆ, ಈ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ.