ಮೊದಲು ಭಾರ, ಆಮೇಲೆ ಅಲಂಕಾರ: ಕಟ್ಟಡ ಬಿಡಿಸುವ ನನ್ನ ಅನುಭವ

ಯಾವುದೇ ಕಟ್ಟಡದ ಮುಂದೆ ಪುಸ್ತಕ ತೆರೆದು ಕೂತಾಗ ನಾನು ಮೊದಲು ಒಂದೇ ವಿಷಯ ನೋಡುತ್ತೇನೆ. ಛಾವಣಿಯ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ? ಜಂತೆಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ (ಕಂಬದ ತಲೆಯ ಮೇಲೆ ಕೂರುವ ಅಡ್ಡ ತುಂಡು), ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ಕೆಳಗಿನ ಕಲ್ಲಿಗೆ. ಈ ದಾರಿ ಕಣ್ಣಿಗೆ ಸಿಕ್ಕರೆ ಅರ್ಧ ಚಿತ್ರ ಮುಗಿದ ಹಾಗೇನೇ. ಸಿಗದಿದ್ದರೆ ಎಷ್ಟು ಚೆನ್ನಾಗಿ ಬಣ್ಣ ಹಾಕಿದರೂ ಕಟ್ಟಡ ಹಾಳೆಯ ಮೇಲೆ ತೇಲುತ್ತಾ ಇರುತ್ತದೆ.

ನಾನು ಕಲಾಶಾಲೆಗೆ ಹೋದವಳಲ್ಲ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ರಜೆ ದಿನ ಬೆಳಿಗ್ಗೆ ಬೇಗ ಎದ್ದು, ಊರು ಗಿಜಿಗುಡುವ ಮೊದಲು ಎಲ್ಲಾದರೂ ಕೂತು ಬಿಡಿಸುತ್ತೇನೆ. ಈ ಅಭ್ಯಾಸಕ್ಕೆ ಮೈಸೂರಿಗಿಂತ ಒಳ್ಳೆ ಊರು ನನಗೆ ಕಂಡಿಲ್ಲ. ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರಕ್ಕೆ ನಡೆದು ಹೋಗಲು ಹತ್ತು ನಿಮಿಷ ಸಾಕು. ಅಷ್ಟರಲ್ಲೇ ಗುಮ್ಮಟ, ಕಮಾನಿನ ಸಾಲು, ಕಬ್ಬಿಣದ ಕಂಬ, ಹಂಚಿನ ಮಾಡು ಎಲ್ಲಾ ಸಿಗುತ್ತವೆ. ದೊಡ್ಡ ಗಡಿಯಾರ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಎತ್ತರ 75 ಅಡಿ. ಅದರ ಮುಖದಲ್ಲಿರುವ ಅಂಕಿಗಳು ಕನ್ನಡದವು. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದೇ ಗೋಪುರ, ಸುತ್ತ ಜಾಗ ಇದೆ, ಯಾವ ಕಡೆಯಿಂದ ನೋಡಿದರೂ ಅರ್ಥ ಆಗುತ್ತದೆ.

ಸಾಮಾನು ಜಾಸ್ತಿ ಬೇಡ. ಎ5 ಅಳತೆಯ ದಪ್ಪ ಹಾಳೆಯ ಪುಸ್ತಕ, 2ಬಿ ಪೆನ್ಸಿಲ್, ನೀರಿಗೆ ಕರಗದ ಇಂಕಿನ ಪೆನ್ನು, ಪುಟ್ಟ ಜಲವರ್ಣದ ಡಬ್ಬಿ, ಮಡಚುವ ಸ್ಟೂಲು. ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇದ್ದರೆ ನೀರು ಬಿದ್ದಾಗ ಸುಕ್ಕಾಗುವುದಿಲ್ಲ. ದುಡ್ಡು ಖರ್ಚು ಮಾಡಬೇಕು ಅನ್ನಿಸಿದರೆ ಹಾಳೆಗೇ ಮಾಡಿ. ಬಣ್ಣ, ಬ್ರಷ್ ಆಮೇಲೆ ನೋಡೋಣ.

ಬಿಡಿಸುವ ಮೊದಲು ಕಣ್ಣಿನ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆಯುತ್ತೇನೆ. ಇದನ್ನು ಎಳೆಯದೆ ಬೇರೇನೂ ಮಾಡುವುದಿಲ್ಲ. ರಸ್ತೆಯ ಉದ್ದಕ್ಕೂ ಹೋಗುವ ಗೆರೆಗಳಲ್ಲಿ ಈ ಮಟ್ಟಕ್ಕಿಂತ ಮೇಲಿರುವವು ದೂರ ಹೋಗುತ್ತಾ ಕೆಳಗಿಳಿಯುತ್ತವೆ, ಕೆಳಗಿರುವವು ಮೇಲೇರುತ್ತವೆ. ದೇವರಾಜ ಮಾರುಕಟ್ಟೆಯ ಒಳಗಿನ ಅಂಗಡಿ ಸಾಲು ಇದಕ್ಕೆ ಬಹಳ ಒಳ್ಳೆಯ ಪಾಠ. ತಗಡಿನ ಅಂಚು, ಬೋರ್ಡುಗಳ ಸಾಲು, ಕಟ್ಟೆಯ ಅಂಚು, ನೆಲದ ಕಲ್ಲಿನ ಸಂದು ಎಲ್ಲಾ ಓಡಿ ಹೋಗಿ ಒಂದೇ ಚುಕ್ಕಿಗೆ ಸೇರುತ್ತವೆ. ಸ್ಟೂಲಿನ ಮೇಲೆ ಕೂತರೆ ಚುಕ್ಕಿ ಹೂವಿನ ಬುಟ್ಟಿಯ ಎತ್ತರದಲ್ಲಿರುತ್ತದೆ. ಎದ್ದು ನಿಂತರೆ ಹೂ ಕಟ್ಟುವವರ ತಲೆಯ ಮೇಲೆ ಹೋಗುತ್ತದೆ. ಅದಕ್ಕೇ ನಾನು ಚಿತ್ರದ ಮಧ್ಯೆ ಎದ್ದು ನಿಲ್ಲುವುದಿಲ್ಲ.

ಅಳತೆಗೆ ಬಾಗಿಲೇ ನನ್ನ ಮಾನ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಬಾಗಿಲಿನ ಎತ್ತರ ಹಿಡಿಯುತ್ತೇನೆ. ಗೋಡೆ ಎಷ್ಟು ಬಾಗಿಲು ಎತ್ತರ? ಎಷ್ಟು ಬಾಗಿಲು ಅಗಲ? ಗುಮ್ಮಟ ಎಷ್ಟು? ಬಾಗಿಲು ಮನುಷ್ಯ ಹೋಗಿ ಬರಲು ಮಾಡಿದ್ದು. ಹಾಗಾಗಿ ಚಿತ್ರ ನೋಡುವವರಿಗೆ ಕಟ್ಟಡ ಎಷ್ಟು ದೊಡ್ಡದು ಅನ್ನೋದು ತಾನಾಗೇ ತಿಳಿಯುತ್ತದೆ.

ಆಮೇಲೆ ಭಾರ ಹೊರುವ ಭಾಗಗಳನ್ನು ಗಟ್ಟಿ ಗೆರೆಯಲ್ಲಿ ಎಳೆಯುತ್ತೇನೆ. ಕಂಬ, ಗೋಡೆಯ ಮೂಲೆ, ತೊಲೆ, ಕಮಾನು. ಕಿಟಕಿ, ಸಜ್ಜ, ಗಾರೆಯ ಹೂವುಗಳು ಇವೆಲ್ಲಾ ತೆಳು ಗೆರೆಯಲ್ಲಿ, ಕೊನೆಗೆ. ಈ ಪದ್ಧತಿ ನನಗೆ ಗಟ್ಟಿಯಾಗಿದ್ದು ಒಬ್ಬ ಮೇಸ್ತ್ರಿಯಿಂದ. ಹಳೇ ಓಣಿಯೊಂದರಲ್ಲಿ ಕಮಾನಿನ ಸಾಲಿದ್ದ ಜಗಲಿಯನ್ನು ಬಿಡಿಸುತ್ತಿದ್ದೆ. ಅದೇ ಮನೆಗೆ ಸುಣ್ಣದ ಗಾರೆ ಹಾಕಲು ಬಂದವರು ಹಿಂದೆ ನಿಂತು ನೋಡಿದರು.

“ಮೇಡಂ, ಕಮಾನು ಚೆನ್ನಾಗಿ ಬಂದದೆ. ಅದು ಬರೀ ಕೆಳಕ್ಕೆ ತೂಗಲ್ಲ, ಪಕ್ಕಕ್ಕೂ ತಳ್ತದೆ. ಆ ಕೊನೇ ಕಂಬ ನೋಡಿ. ಯಾಕೆ ಅಷ್ಟು ದಪ್ಪ ಮಾಡವ್ರೆ?”

ನೋಡಿದೆ. ನಡುವಿನ ಕಂಬಗಳಿಗೆ ಎರಡೂ ಕಡೆಯ ಕಮಾನು ಒತ್ತಿ ಹಿಡಿದು ಸಮ ಮಾಡುತ್ತವೆ. ಕೊನೆಯ ಕಂಬಕ್ಕೆ ಆ ಕಡೆಯಿಂದ ಯಾರೂ ಇಲ್ಲ. ಅದಕ್ಕೇ ಅದು ದಪ್ಪ. ಎಲ್ಲಾ ಕಂಬವೂ ಒಂದೇ ದಪ್ಪ ಇದ್ದರೆ ಚಂದ ಅಂತ ಕಣ್ಣು ಹೇಳುತ್ತದೆ, ಆದರೆ ಕಟ್ಟಿದವರ ಲೆಕ್ಕ ಬೇರೆ. ಅವತ್ತಿನಿಂದ ಕಮಾನಿನ ಸಾಲನ್ನು ಬಿಡಿಸುವಾಗ ಎರಡೂ ತುದಿಯ ಕಂಬಗಳಿಂದ ಶುರು ಮಾಡುತ್ತೇನೆ. ಅವರು ಇನ್ನೊಂದು ಮಾತು ಹೇಳಿದರು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಗಾರೆ ಉಬ್ಬಿ ಉದುರುತ್ತದೆ ಅಂತ. ಈಗ ಗೋಡೆಯ ಬುಡದ ಕಪ್ಪು ಕಲೆ, ಉಬ್ಬಿದ ತೇಪೆ ಕಂಡರೆ ಬಿಟ್ಟು ಬಿಡದೆ ಬರೆಯುತ್ತೇನೆ. ಕಟ್ಟಡಕ್ಕೆ ಏನಾಗಿದೆ ಅನ್ನೋದೂ ಚಿತ್ರದ ಭಾಗವೇ ಅಲ್ವಾ?

ಭಾರದ ದಾರಿ ತಿಳಿದರೆ ವಸ್ತುವಿನ ಗುಣವೂ ತಿಳಿಯುತ್ತದೆ. ಮೈಸೂರು ಅರಮನೆಯನ್ನೇ ತಗೊಳ್ಳಿ. ಮರದ ಹಳೆ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಈಗಿನ ಅರಮನೆ 1912ಕ್ಕೆ ಮುಗಿಯಿತು. ಅದರ ದರ್ಬಾರ್ ಹಾಲಿನ ಕಂಬಗಳು ದಪ್ಪ. ಕಲ್ಯಾಣ ಮಂಟಪದಲ್ಲಿ ನವಿಲಿನ ಚಿತ್ರದ ಗಾಜಿನ ಛಾವಣಿಯನ್ನು ಹೊತ್ತ ಕಂಬಗಳು ತೆಳ್ಳಗೆ, ಎತ್ತರ. ಅವು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದವು. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಮೇಲಿರುವುದೂ ಹಗುರ ಗಾಜು. ಹಾಗಾಗಿ ತೆಳ್ಳಗಿದ್ದರೂ ಸಾಕು. ಇದು ಗೊತ್ತಿದ್ದರೆ ಕೈಗೆ ಧೈರ್ಯ ಬರುತ್ತದೆ. ಆ ಕಂಬಗಳನ್ನು ಒಂದೇ ಎಳೆತದಲ್ಲಿ, ಅಳುಕದೆ, ತೆಳ್ಳಗೆ ಎಳೆಯಬಹುದು.

ಸೋಮನಾಥಪುರದಲ್ಲಿ ಈ ಕ್ರಮಕ್ಕೆ ನಿಜವಾದ ಪರೀಕ್ಷೆ. ಮೈಸೂರಿನಿಂದ ಸುಮಾರು 35 ಕಿಲೋಮೀಟರ್. 1258ರ ಹೊಯ್ಸಳ ದೇವಾಲಯ, ಮೂರು ಗರ್ಭಗುಡಿ, ನಕ್ಷತ್ರದಂಥ ತಳ, ಮೈತುಂಬಾ ಕೆತ್ತನೆ. ಮೊದಲ ಸಲ ಹೋದವರು ಒಂದು ಮೂರ್ತಿ ಹಿಡಿದು ಬಿಡಿಸಲು ಕೂರುತ್ತಾರೆ. ಅದೂ ಒಂದು ದಾರಿ. ನಾನು ಮಾತ್ರ ಮೊದಲು ಜಗತಿ (ದೇವಾಲಯ ನಿಂತ ಎತ್ತರದ ಕಟ್ಟೆ), ಅದರ ಮೇಲೆ ಕೆತ್ತನೆಯ ಪಟ್ಟಿಗಳು, ಆಮೇಲೆ ಗೋಡೆ, ಸಜ್ಜ, ಶಿಖರ ಅಂತ ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ. ಪಟ್ಟಿಗಳಲ್ಲಿ ತೀರ ಕೆಳಗೆ ಆನೆಗಳು. ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಭಾರ ಹೊರಬೇಕಾದ ಕಡೆ ಆನೆ, ಮೇಲಕ್ಕೆ ಹೋಗುತ್ತಾ ಹಂಸ. ಶಿಲ್ಪಿಗಳೂ ಭಾರದ ಬಗ್ಗೆ ಯೋಚಿಸಿಯೇ ಹೀಗೆ ಮಾಡಿದರು ಅಂತ ನನಗೆ ಅನ್ನಿಸುತ್ತದೆ. ಒಂದೊಂದು ಆನೆಯನ್ನೂ ಬಿಡಿಸುವುದಿಲ್ಲ. ಹತ್ತಿರದ ಎರಡು ಆನೆಗಳನ್ನು ಸ್ಪಷ್ಟವಾಗಿ ಬರೆದು, ಉಳಿದವನ್ನು ಬೆನ್ನಿನ ಗೆರೆಯಲ್ಲಿ ಸೂಚಿಸಿದರೆ ಸಾಕು. ಇನ್ನುಳಿದದ್ದನ್ನು ನೋಡುವ ಕಣ್ಣು ತುಂಬಿಕೊಳ್ಳುತ್ತದೆ. ಒಳಗಿನ ನುಣುಪಾದ ಕಂಬಗಳನ್ನು ಎಷ್ಟು ಬಿಡಿಸಿದರೂ ನನಗೆ ಬೇಜಾರಾಗುವುದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಅದಕ್ಕೇ ಅಷ್ಟು ಸಣ್ಣ ಸಣ್ಣ ಬಳೆಗಳಂಥ ಅಂಚು ಕಡೆಯಲು ಆಯಿತು.

ಈಗ ಫೋಟೋ ವಿಷಯ. ಫೋಟೋ ನೋಡಿ ಬಿಡಿಸಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳಲ್ಲ. ಫೋಟೋ ಬೇಕು. ಆದರೆ ಚಿತ್ರ ಶುರುವಾದ ಮೇಲೆ ಬೇಕು. ಮೊದಲು ಸ್ಥಳದಲ್ಲೇ ಕೂತು ಗೆರೆ ಎಳೆದರೆ ಏನು ಗೊತ್ತಾಗುತ್ತಿಲ್ಲ ಅನ್ನೋದು ತಿಳಿಯುತ್ತದೆ. ಆಗ ಕ್ಯಾಮೆರಾಗೆ ಕೇಳಬೇಕಾದ ಪ್ರಶ್ನೆ ಇರುತ್ತದೆ. ನಾನು ಜಾಸ್ತಿ ತೆಗೆಯುವುದು ಸಂದುಗಳ ಫೋಟೋ. ಕಂಬಕ್ಕೆ ತೊಲೆ ಕೂತಿರುವ ಜಾಗ, ಸಜ್ಜಕ್ಕೆ ಕೊಟ್ಟ ಆಧಾರ, ಮಳೆನೀರು ಬೀಳುವ ದೋಣಿ, ಮೆಟ್ಟಿಲಿನ ಬುಡ. ಇಡೀ ಕಟ್ಟಡದ ಫೋಟೋ ಒಂದೆರಡು ಸಾಕು.

ಫೋನ್ ಕ್ಯಾಮೆರಾದಲ್ಲಿ ಒಂದು ತೊಂದರೆ ಇದೆ. ಅದರ ಲೆನ್ಸ್ ಅಗಲವಾದ ನೋಟ ಹಿಡಿಯುತ್ತದೆ. ಹತ್ತಿರ ನಿಂತು ಮೇಲಕ್ಕೆ ಬಾಗಿಸಿದರೆ ಗೋಡೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ವಾಲುತ್ತವೆ, ಕಟ್ಟಡ ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್‌ನ 175 ಅಡಿಯ ಜೋಡಿ ಗೋಪುರಗಳನ್ನು ಗೇಟಿನ ಒಳಗಿಂದ ತೆಗೆದು ನೋಡಿ, ಗೊತ್ತಾಗುತ್ತದೆ. ಆ ಫೋಟೋ ನೋಡಿ ಹಾಗೇ ಬಿಡಿಸಿದರೆ ಭಾರದ ದಾರಿಯೇ ಓರೆಯಾಗುತ್ತದೆ. ನಾನು ಮಾಡುವುದು ಇಷ್ಟು: ಆದಷ್ಟು ಹಿಂದೆ ಹೋಗುತ್ತೇನೆ, ಎರಡರಷ್ಟು ಜೂಮ್ ಇಡುತ್ತೇನೆ, ಪರದೆಯ ಮೇಲೆ ಚೌಕದ ಗೆರೆ ಆನ್ ಮಾಡುತ್ತೇನೆ, ಫೋನನ್ನು ನೆಟ್ಟಗೆ ಹಿಡಿಯುತ್ತೇನೆ. ಕೆಳಗೆ ರಸ್ತೆ ಜಾಸ್ತಿ ಬಂದರೂ ಪರವಾಗಿಲ್ಲ, ಆಮೇಲೆ ಕತ್ತರಿಸಬಹುದು.

ಫೋಟೋ ನೆರಳನ್ನು ಕಪ್ಪಾಗಿಸುತ್ತದೆ ಅನ್ನೋದೂ ನೆನಪಿರಲಿ. ಕಣ್ಣಿಗೆ ನೆರಳಿನೊಳಗೆ ನೀಲಿ ಕಾಣುತ್ತದೆ, ನೆಲದಿಂದ ಪುಟಿದ ಕೆಂಪು ಕಾಣುತ್ತದೆ. ಆ ಬಣ್ಣದ ಹೆಸರನ್ನು ಸ್ಥಳದಲ್ಲೇ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಬಿಸಿಲು ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಹಾಗಾಗಿ ಕೂತ ಕೂಡಲೇ ನೆರಳಿನ ಅಂಚನ್ನು ಗುರುತು ಹಾಕಿ, ಅದು ಆಮೇಲೆ ಎಲ್ಲಿಗೆ ಹೋದರೂ ನನ್ನ ಗುರುತಿಗೇ ಅಂಟಿಕೊಳ್ಳುತ್ತೇನೆ. ಬಣ್ಣ ಹಾಕುವಾಗ ಮೂರೇ ಬಣ್ಣ ಹೆಚ್ಚು ಖರ್ಚಾಗುತ್ತವೆ. ಮೈಸೂರಿನ ಹಳದಿ ಗೋಡೆಗೆ ಯೆಲ್ಲೋ ಓಕರ್, ಹಂಚಿಗೆ ಬರ್ನ್ಟ್ ಸಿಯೆನ್ನಾ, ನೆರಳಿಗೆ ಅಲ್ಟ್ರಾಮರೀನ್ ನೀಲಿ. ಕೊನೆಯ ಎರಡನ್ನು ಬೆರೆಸಿದರೆ ಕಲ್ಲಿನ ಬೂದು ಬರುತ್ತದೆ. ಕಪ್ಪು ಬಣ್ಣವನ್ನು ನಾನು ಡಬ್ಬಿಯಲ್ಲೇ ಇಟ್ಟಿಲ್ಲ.

ಹಳೇ ಫೋಟೋಗಳಿಂದ ಕಲಿಯುವುದು ಇನ್ನೊಂದು ಥರ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದರು. ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ. ಇವತ್ತು 50 ರೂಪಾಯಿ ನೋಟಿನ ಮೇಲಿರುವ ರಥಕ್ಕೆ ಅದಿಲ್ಲ. ಆ ಫೋಟೋ ನೋಡಿದ ಮೇಲೆ ರಥದ ಮೇಲ್ಭಾಗ ಯಾಕೆ ಅಷ್ಟು ಸಪಾಟು, ಅಷ್ಟು ಗಟ್ಟಿ ಅನ್ನೋದು ನನಗೆ ಅರ್ಥವಾಯಿತು. ಅದು ಇನ್ನೊಂದು ಭಾರ ಹೊರಲು ಮಾಡಿದ್ದು.

ನಮ್ಮ ಊರಲ್ಲೂ ಹೀಗೆ ಕಳೆದುಕೊಂಡಿದ್ದೇವೆ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆದಿದೆ. ಉಳಿಯಬೇಕು ಅನ್ನುವುದು ನನ್ನ ಆಸೆ. ಆದರೆ ಒಳಗೆ ಕೂತು ವ್ಯಾಪಾರ ಮಾಡುವವರ ತಲೆಯ ಮೇಲಿನ ಜಂತೆ ಗಟ್ಟಿ ಇರಬೇಕು, ಅದು ಮೊದಲು. ಬಿಡಿಸುತ್ತಾ ಕೂತರೆ ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಗಿಡ, ಕಮಾನಿನ ನೆತ್ತಿಯ ಬಿರುಕು, ತುಂಬಿ ಹರಿಯುವ ದೋಣಿ ಎಲ್ಲಾ ಕಾಣುತ್ತವೆ. ಇವನ್ನು ದಿನಾಂಕ ಹಾಕಿ ಬರೆದಿಡುತ್ತೇನೆ.

ಹೀಗೆ ಬರೆದಿಟ್ಟ ಒಂದು ಚಿತ್ರ ಮನೆಯವರಿಗೇ ಉಪಯೋಗಕ್ಕೆ ಬಂತು. ನಂಜನಗೂಡಿನ ಕಡೆ ನಮ್ಮ ದೊಡ್ಡಪ್ಪನ ತೊಟ್ಟಿ ಮನೆ ಇದೆ. ನಡುವೆ ತೊಟ್ಟಿ, ಸುತ್ತ ಪಡಸಾಲೆ, ಮರದ ಕಂಬಗಳು, ಮೇಲೆ ಮಂಗಳೂರು ಹಂಚು. ಈ ಹಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಊರುಗಳಲ್ಲಿ ನಾಡಹಂಚಿನ ಜಾಗಕ್ಕೆ ಇದೇ ಬಂತು. ನಾನು ತೊಟ್ಟಿಯ ನಾಲ್ಕೂ ಕಡೆ ಕೂತು ಬಿಡಿಸಿದ್ದೆ. ನಾಲ್ಕು ಇಳಿಜಾರು ಒಂದರೊಳಗೊಂದು ಸೇರುವ ಮೂಲೆಯನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದು, ತೊಲೆಗಳ ಅಳತೆಯನ್ನು ಟೇಪಿನಲ್ಲಿ ಹಿಡಿದು ಪಕ್ಕದಲ್ಲಿ ಬರೆದಿದ್ದೆ. ಮಳೆನೀರೆಲ್ಲಾ ಓಡಿ ಬರುವುದು ಆ ಮೂಲೆಗೇ. ಮರ ಮೊದಲು ಕೊಳೆಯುವುದೂ ಅಲ್ಲೇ.

“ಒರಳುಕಲ್ಲನ್ನೂ ಹಾಕವ್ವ, ಅದು ಇರೋ ಜಾಗದಲ್ಲೇ ಇರ್ಲಿ,” ಅಂದಿದ್ದರು ದೊಡ್ಡಮ್ಮ. ಹಾಕಿದ್ದೇನೆ.

ಹೋದ ವರ್ಷ ಆ ಮೂಲೆಯ ತೊಲೆ ಬದಲಾಯಿಸಲು ಬಡಗಿ ಬಂದಾಗ ಹಂಚು ಇಳಿಸುವ ಮೊದಲೇ ದೊಡ್ಡಪ್ಪ ನನ್ನ ಹಾಳೆ ತೋರಿಸಿದರು. ಯಾವ ತೊಲೆ ಯಾವುದರ ಮೇಲೆ ಕೂತಿದೆ ಅಂತ ಅದರಲ್ಲೇ ಇತ್ತು. ಎಲ್ಲಿಗೆ ಮೊದಲು ಊರುಗೋಲು ಕೊಡಬೇಕು ಅನ್ನೋದನ್ನು ಬಡಗಿ ಅದನ್ನು ನೋಡಿಯೇ ಗೊತ್ತು ಮಾಡಿಕೊಂಡರು. ಒಂದು ಜೆರಾಕ್ಸ್ ಅವರ ಹತ್ತಿರವೇ ಇದೆ. ಈ ಬೇಸಿಗೆಯಲ್ಲಿ ಎದುರು ಮೂಲೆಯನ್ನೂ ಬಿಚ್ಚುತ್ತಾರಂತೆ. ಅಷ್ಟರೊಳಗೆ ಆ ಕಡೆಯ ಜಂತೆಗಳ ಅಳತೆಯನ್ನೂ ಹಿಡಿದು ಕೊಡು ಅಂತ ದೊಡ್ಡಪ್ಪ ಫೋನ್ ಮಾಡಿದ್ದಾರೆ.